ಶಿಂಗೋಡಾ ಕೆರೆಯ ಸೊಟ್ಟ ದಾರಿ

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂಬುದು ನನ್ನ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. ಗದಗಿನ ಕಡೆಯ ನೆಂಟರು ಅಹಮದಾಬಾದಿನ ನಮ್ಮ ಮನೆಗೆ ಬಂದು, "ನಿಮ್ಮ ಸೊಸಿ ಎಲ್ಲಿ ನೌಕರಿ ಮಾಡ್ತಾಳ್ರೀ?" ಎಂದು ಕೇಳಿದರೆ, "ಸರ್ಕಾರದ ಫೋಟೋ ಸ್ಟುಡಿಯೋದಾಗ ಇದ್ದಾಳ. ಕರಿ-ಬಿಳಿ ಫೋಟೋಕ್ಕ ಬಣ್ಣಾ ಹಚ್ಚತಾಳ" ಎನ್ನುತ್ತಿದ್ದರು. ಮೊದಮೊದಲು ನಾನು ಮುಖ ಕೆಂಪಗೆ ಮಾಡಿಕೊಂಡು ತಿದ್ದುತ್ತಿದ್ದೆ. ಎಂ.ಎಸ್ಸಿ. ಮಾಡಿದವಳು, ಉಪಗ್ರಹ ಚಿತ್ರಗಳ ಮೇಲೆ ಕೆಲಸ ಮಾಡುವವಳು, ನನ್ನನ್ನು ಸ್ಟುಡಿಯೋದವಳು ಎಂದರೆ! ವರ್ಷಗಳು ಕಳೆದಂತೆ ನಮ್ಮ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ ಎನಿಸಿತು. ತಿದ್ದುವುದನ್ನು ಬಿಟ್ಟೆ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನು ಮಾಡುತ್ತಾರೆ. ಯಾವ ಪುಸ್ತಕ ಓದಬೇಕು, ಯಾವ ಕೋರ್ಸು ಮಾಡಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಲು ಬೇಕಾದಷ್ಟು ಜನ ಇದ್ದಾರೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ನಗು, ಜಗಳ ಮತ್ತು ಒಂದು ಕೆರೆ. ಅದನ್ನೇ ಬರೆಯುತ್ತೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಉಪಗ್ರಹಕ್ಕೆ ಎರಡು ಬಗೆಯ ಕಣ್ಣುಗಳಿರುತ್ತವೆ. ಒಂದು ಕಣ್ಣು ಬಲು ಚುರುಕು, ರಸ್ತೆಯ ಮೇಲಿನ ಲಾರಿಯನ್ನೂ ಬಿಡುವುದಿಲ್ಲ, ಆದರೆ ಅದಕ್ಕೆ ಎಲ್ಲವೂ ಕಪ್ಪು-ಬಿಳುಪು. ಇನ್ನೊಂದು ಕಣ್ಣಿಗೆ ಬಣ್ಣ ಗೊತ್ತು. ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕೂ ಅದಕ್ಕೆ ಕಾಣುತ್ತದೆ. ಆದರೆ ಅದರ ನೋಟ ಮಬ್ಬು, ಲಾರಿಯ ಜಾಗದಲ್ಲಿ ಒಂದು ಕಲೆ ಮಾತ್ರ ಕಂಡೀತು. ಈ ಎರಡನ್ನೂ ಕೂಡಿಸಿ, ಚುರುಕೂ ಬಣ್ಣವೂ ಇರುವ ಒಂದೇ ಚಿತ್ರ ಮಾಡುವುದಕ್ಕೆ ಇಮೇಜ್ ಫ್ಯೂಷನ್ ಎನ್ನುತ್ತಾರೆ. ಮದುವೆ ಮಾಡಿಸುವುದು ಸುಲಭ, ಸಂಸಾರ ನಡೆಸುವುದು ಕಷ್ಟ. ಕೂಡಿಸುವಾಗ ಕಪ್ಪು-ಬಿಳುಪಿನ ಮಾತೇ ಹೆಚ್ಚಾದರೆ ಬಣ್ಣ ಕೆಡುತ್ತದೆ, ಬಣ್ಣದ ಮಾತೇ ಹೆಚ್ಚಾದರೆ ಚಿತ್ರ ಮಬ್ಬಾಗುತ್ತದೆ. ನನ್ನ ಇಡೀ ಸರ್ವಿಸು ಇವರಿಬ್ಬರ ನಡುವೆ ಪಂಚಾಯ್ತಿ ಮಾಡುವುದರಲ್ಲೇ ಮುಗಿಯಿತು.

ನಾನು ಸೇರಿದ ಕಾಲದಲ್ಲಿ ಒಂದು ಚಿತ್ರ ಸಿದ್ಧವಾಗಬೇಕಾದರೆ ದಿನಗಟ್ಟಲೆ ಬೇಕಿತ್ತು. ಉಪಗ್ರಹದ ಚಿತ್ರ ತುಂಬಿದ ಟೇಪು ಬರುವುದನ್ನು ಕಾಯಬೇಕು, ಟೇಪು ಬಂದರೆ ಕಂಪ್ಯೂಟರಿನ ಸರದಿ ಕಾಯಬೇಕು, ಸರದಿ ಬಂದರೆ ಕರೆಂಟು ಕೈಕೊಡುತ್ತಿತ್ತು. ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸುವುದು ಮೊದಲ ಕೆಲಸ. ರಸ್ತೆ ಕೂಡುವ ಜಾಗ, ಸೇತುವೆಯ ತುದಿ, ಇಂಥವನ್ನು ಎರಡೂ ಚಿತ್ರಗಳಲ್ಲಿ ಹುಡುಕಿ ಗುರುತು ಹಾಕಬೇಕು. ಈಗ ಯಂತ್ರವೇ ಮಾಡುತ್ತದೆ. ಆಗ ನಮ್ಮ ಕಣ್ಣೇ ಯಂತ್ರ.

ನನ್ನ ಮೊದಲ ದೊಡ್ಡ ಎಡವಟ್ಟು ಆದದ್ದು ಇಲ್ಲೇ. ನನ್ನ ಗಂಡ ರಮಾಕಾಂತ ಆಗ ವಡೋದರಾದ ಹತ್ತಿರ ಕೊಯಾಲಿಯ ರಿಫೈನರಿಯಲ್ಲಿ ಕೆಮಿಸ್ಟ್. ವಾರವೆಲ್ಲ ಅವರು ಅಲ್ಲಿ ಟೌನ್‌ಶಿಪ್ಪಿನಲ್ಲಿ, ನಾನೂ ಅತ್ತೆಯೂ ಇಲ್ಲಿ. ಶನಿವಾರ ಸಂಜೆಯ ರೈಲಿಗೆ ಅವರು ಬರಬೇಕು, ಇಲ್ಲವೇ ನಾವು ಹೋಗಬೇಕು. ಒಮ್ಮೆ ನಾನೇ ಮಾಡಿದ ವಡೋದರಾದ ಚಿತ್ರವೊಂದನ್ನು ಹೆಮ್ಮೆಯಿಂದ ಒಯ್ದು ಅವರ ಮುಂದೆ ಹರಡಿದೆ. ನಮ್ಮ ಚಿತ್ರಗಳಲ್ಲಿ ಇನ್‌ಫ್ರಾರೆಡ್ಡನ್ನು ಕೆಂಪಾಗಿ ತೋರಿಸುವ ರೂಢಿ. ಗಿಡಮರಗಳು ಆ ಬೆಳಕಿನಲ್ಲಿ ಬೆಳಗುವುದರಿಂದ ಕೆಂಪಗೆ ಕಾಣುತ್ತವೆ. ರಮಾಕಾಂತ ಕನ್ನಡಕ ಏರಿಸಿ ನೋಡಿ, "ಏನ ಸುಲೂ, ನಮ್ಮ ಟ್ಯಾಂಕಿಗೆಲ್ಲಾ ಕುಂಕುಮಾ ಹಚ್ಚೀಯಲ್ಲ! ಅರಿಶಿಣ ಯಾಕ ಬಿಟ್ಟಿ?" ಎಂದರು. ನೋಡುತ್ತೇನೆ, ಬಣ್ಣದ ಚಿತ್ರ ಸ್ವಲ್ಪ ಸರಿದು ಕೂತಿದೆ. ಬೇಲಿಯ ಮರಗಳ ಕೆಂಪು ಹೋಗಿ ಎಣ್ಣೆ ಟ್ಯಾಂಕುಗಳ ಹಣೆಯ ಮೇಲೆ ನಿಂತಿದೆ! ಗುಂಡನೆಯ ಟ್ಯಾಂಕುಗಳು ಸಾಲಾಗಿ ಮುತ್ತೈದೆಯರಂತೆ ನಗುತ್ತಿದ್ದವು. ಸೋಮವಾರ ಎಲ್ಲ ಗುರುತುಗಳನ್ನೂ ಹೊಸದಾಗಿ ಹಾಕಿದೆ. ಆ ಟೌನ್‌ಶಿಪ್ಪಿನ ಕನ್ನಡದವರೆಲ್ಲ ಮುಂದೆ ಎಷ್ಟೋ ಕಾಲ ನನ್ನನ್ನು ಕುಂಕುಮದ ಸುಲೋಚನಾಬಾಯಿ ಎಂದೇ ಕರೆದರು.

ಇನ್ನು ನಮ್ಮ ಸಾಹೇಬರ ವಿಷಯ. ಪಂಡ್ಯಾ ಸಾಹೇಬರು ಅಹಮದಾಬಾದಿನ ಹಳೆಯ ಪೋಳಿನಲ್ಲಿ, ಎಂದರೆ ಇಕ್ಕಟ್ಟಿನ ಓಣಿಯಲ್ಲಿ, ಹುಟ್ಟಿ ಬೆಳೆದವರು. ಬುದ್ಧಿವಂತರು, ಧಾರಾಳಿ, ಬೆಳಿಗ್ಗೆ ಬೈದದ್ದನ್ನು ಚಹಾ ಹೊತ್ತಿಗೆ ಮರೆಯುವವರು. ಅವರಿಗೆ ಇದ್ದದ್ದು ಒಂದೇ ದೌರ್ಬಲ್ಯ, ಚೆಂದದ ಚಿತ್ರ. ಅವರ ಕೋಣೆಯ ಎದುರು ಗೋಡೆಯ ಮೇಲೆ ದೊಡ್ಡದೊಂದು ಉಪಗ್ರಹ ಚಿತ್ರ ಇರುತ್ತಿತ್ತು. ದೆಹಲಿಯಿಂದ ಬಂದವರು, ವಿದೇಶದಿಂದ ಬಂದವರು, ಶಾಲೆಯ ಮಕ್ಕಳು, ಯಾರೇ ಬರಲಿ, ಮೊದಲು ಅದರ ದರ್ಶನ. ಯಾವುದಾದರೂ ಹೊಸ ಚಿತ್ರ ಮಿರಿಮಿರಿ ಮಿಂಚಿದರೆ ಅವರು ಎರಡೂ ಕೈ ಎತ್ತಿ "ಸರಸ! ಬಹು ಸರಸ!" ಎನ್ನುತ್ತಿದ್ದರು. ಗುಜರಾತಿಯಲ್ಲಿ ಹಾಗೆಂದರೆ ಬಹಳ ಚೆಂದ ಎಂದರ್ಥ. ಆ ಮಾತು ಕೇಳಿದರೆ ನಮಗೂ ಹೊಟ್ಟೆ ತುಂಬಿದ ಹಾಗೆ. ಹಾಗಾಗಿ ನಾವೂ ಮಿಂಚಿಸುವುದನ್ನು ಕಲಿತೆವು. ಕಪ್ಪು-ಬಿಳುಪು ಚಿತ್ರದಲ್ಲಿ ಕಂಡ ಪ್ರತಿ ಗೆರೆಯನ್ನೂ ಎಲ್ಲ ಬಣ್ಣಗಳ ಮೇಲೂ ಒಂದೇ ಸಮ ಕೂಡಿಸಿ, ಮೇಲೆ ಒಂದಿಷ್ಟು ಒಪ್ಪ ಹಾಕಿಬಿಟ್ಟರೆ ಇಡೀ ಊರು ತೊಳೆದಿಟ್ಟ ತಟ್ಟೆಯಾಗುತ್ತಿತ್ತು.

ಫಾಲ್ಗುನಿ ಬಂದದ್ದು ಆಮೇಲೆ. ಸೂರತ್ತಿನ ಹುಡುಗಿ, ಬಟ್ಟೆ ವ್ಯಾಪಾರದ ಮನೆತನದವಳು, ಗಣಿತದಲ್ಲಿ ಚಿನ್ನದ ಪದಕ. ಬಾಯಿಗೆ ಬೀಗವೇ ಇಲ್ಲ. ಸೇರಿದ ವಾರದಲ್ಲೇ ಪಂಡ್ಯಾ ಸಾಹೇಬರ ಗೋಡೆಯ ಮುಂದೆ ನಿಂತು, "ಸರ್, ಇದು ಸರಸ ಇದೆ, ಆದರೆ ಸಾಚೂ ಇದೆಯಾ?" ಎಂದಳು. ಸಾಚೂ ಎಂದರೆ ನಿಜ. ಸಾಹೇಬರು ನಕ್ಕು, "ಮೊದಲು ಚಹಾ ಕುಡಿ ಬೇಟಾ" ಎಂದರು. ಮಾತು ಅಲ್ಲಿಗೆ ಹಾರಿಹೋಯಿತು.

ಅವಳ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಕೂಡಿಸಿದ ಚಿತ್ರ ನಿಜವೋ ಅಲ್ಲವೋ ಎಂದು ನೋಡಲು ಒಂದು ಉಪಾಯ ಇದೆ. ನಮ್ಮಲ್ಲಿರುವ ಎರಡೂ ಚಿತ್ರಗಳನ್ನು ಬೇಕೆಂದೇ ಇನ್ನಷ್ಟು ಮಬ್ಬು ಮಾಡುವುದು, ಆ ಮಬ್ಬುಗಳನ್ನು ಕೂಡಿಸುವುದು, ಬಂದದ್ದನ್ನು ಮೊದಲಿನ ಬಣ್ಣದ ಚಿತ್ರದ ಜೊತೆ ಇಟ್ಟು ನೋಡುವುದು. ಎರಡೂ ಹೊಂದಿದರೆ ವಿಧಾನ ಸರಿ. ನಮ್ಮ ಮಿಂಚುವ ಚಿತ್ರಗಳನ್ನು ಹೀಗೆ ಪರೀಕ್ಷೆಗೆ ಒಡ್ಡಿದಾಗ ಊರೊಳಗೆ ಪಾಸು, ಹಸಿರಿನ ಮೇಲೆ ಅಷ್ಟಕ್ಕಷ್ಟೆ. ನೀರಿನ ಹತ್ತಿರ ಫೇಲು. ಸಾಹೇಬರಿಗೆ ತೋರಿಸಿದೆ. "ಸುಲೋಚನಾಬೆನ್, ಒಟ್ಟು ಅಂಕ ನೋಡಿ, ಪಾಸೇ ಅಲ್ಲವೇ? ಚಾಲ್ಸೆ" ಎಂದರು. ಬೆನ್ ಎಂದರೆ ಅಕ್ಕ, ಚಾಲ್ಸೆ ಎಂದರೆ ನಡೆಯುತ್ತೆ ಬಿಡಿ ಎಂದರ್ಥ. ಗುಜರಾತಿನಲ್ಲಿ ಅರ್ಧ ರಾಜ್ಯಭಾರ ಈ ಒಂದು ಮಾತಿನ ಮೇಲೆ ನಡೆಯುತ್ತದೆ.

ನಡೆಯಲಿಲ್ಲ. ನನ್ನ ನಿವೃತ್ತಿಗೆ ಕೆಲವು ವರ್ಷ ಇದ್ದಾಗಿನ ಮಾತು. ಸೂರತ್ತು ಬೆಳೆಯುತ್ತಿತ್ತು. ಊರಿನ ಹೊಸ ನಕ್ಷೆಗೆ ನಮ್ಮ ಚಿತ್ರಗಳನ್ನು ಕೊಟ್ಟಿದ್ದೆವು. ಎಲ್ಲಿ ಕೆರೆ, ಎಲ್ಲಿ ಹೊಲ, ಎಲ್ಲಿ ಖಾಲಿ ಜಾಗ ಎಂದು ಕಂಪ್ಯೂಟರು ಚಿತ್ರ ನೋಡಿ ಬಣ್ಣ ತುಂಬುತ್ತಿತ್ತು. ನವರಾತ್ರಿ ಮುಗಿದು ಊರಿಗೆ ಹೋಗಿದ್ದ ಫಾಲ್ಗುನಿ ಸೋಮವಾರ ಬಂದವಳೇ ನನ್ನ ಮೇಜಿನ ಮೇಲೆ ಒಂದು ಚೀಲ ಸುರಿದಳು. ಬೇಯಿಸಿದ ಶಿಂಗೋಡಾ. ಕೆರೆಯ ನೀರಿನಲ್ಲಿ ಬೆಳೆಯುವ, ಎರಡು ಕೊಂಬಿನ ಕಪ್ಪು ಕಾಯಿ. ಒಡೆದರೆ ಒಳಗೆ ಬಿಳಿ ತಿರುಳು. ಉಪವಾಸದ ದಿನ ಇದರ ಹಿಟ್ಟಿಗೆ ಗುಜರಾತಿನಲ್ಲಿ ಬಲು ಬೇಡಿಕೆ.

"ತಿನ್ನಿ ಮ್ಯಾಡಮ್. ಮುಂದಿನ ವರ್ಷ ಇದು ಇರಲ್ಲ" ಎಂದಳು.

"ಯಾಕೆ?"

"ಇದು ಬೆಳೆದ ಕೆರೆಯನ್ನು ನಾವು ಹೊಲ ಮಾಡಿದೀವಿ."

ಅವಳ ತಾಯಿಯ ಮನೆಗೆ ವರ್ಷಾ ವರ್ಷ ಶಿಂಗೋಡಾ ತರುವ ಜಶೋದಾಬೆನ್ ಎಂಬಾಕೆಯ ಕೆರೆ ಅದು. ಕೆರೆ ಆಕೆಯದಲ್ಲ, ಊರಿನದು. ಶಿಂಗೋಡಾ ಬೆಳೆಯಲು ಆಕೆಯ ಮನೆಯವರು ಗುತ್ತಿಗೆ ಹಿಡಿದಿದ್ದರು. ಮಳೆಗಾಲದಿಂದ ಸಂಕ್ರಾಂತಿಯವರೆಗೆ ಕೆರೆಯ ಮೇಲೆಲ್ಲ ಎಲೆ ಹಾಸಿಕೊಂಡಿರುತ್ತದೆ. ಹೊಸ ನಕ್ಷೆಯ ಕರಡಿನಲ್ಲಿ ಅಲ್ಲಿ ಕೆರೆ ಇರಲಿಲ್ಲ. ಬದು ಹಾಕಿದ ಹೊಲ ಇತ್ತು, ಹೊಲದ ಮೇಲೆ ಒಂದು ರಸ್ತೆ ಎಳೆದಿದ್ದರು.

ನಾವಿಬ್ಬರೂ ಸೂರತ್ತಿಗೆ ಹೋದೆವು. ನಕ್ಷೆಯ ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯ. ಸ್ವತಃ ಹೋಗಿ ಕೆರೆ ನೋಡಿ ಬಂದಿದ್ದರು. "ಅದು ಕೆರೆ ಅಂತ ನನಗೂ ಗೊತ್ತು ಬೆನ್. ಇವತ್ತು ಕೈಯಿಂದ ತಿದ್ದಬಹುದು. ಆದರೆ ನಕ್ಷೆ ಪ್ರತಿವರ್ಷ ನಿಮ್ಮ ಚಿತ್ರದಿಂದಲೇ ಹೊಸದಾಗುತ್ತೆ. ಮುಂದಿನ ಸಲ ಮತ್ತೆ ಅಳಿಸಿಹೋಗುತ್ತೆ. ಇಂಥ ಕೆರೆ ಇನ್ನೆಷ್ಟಿವೆಯೋ, ಯಾರು ಹೇಳಬೇಕು? ನಿಮ್ಮ ಚಿತ್ರವೇ ಕೆರೆ ಅನ್ನಲಿ, ನಾನೂ ಅಂತೀನಿ. ಉತ್ತರಾಯಣದವರೆಗೆ ಕರಡು ತಿದ್ದುಪಡಿಗೆ ತೆರೆದಿರುತ್ತೆ." ಉತ್ತರಾಯಣ ಎಂದರೆ ಗಾಳಿಪಟದ ಸಂಕ್ರಾಂತಿ. ನನಗೆ ಸಿಟ್ಟು ಬಂತು, ಯಾರ ಮೇಲೆ ಮಾಡಲಿ? ತಪ್ಪು ನಮ್ಮ ಚಿತ್ರದ್ದು.

ಅಲ್ಲಿಂದ ಕೆರೆಗೆ ಹೋದೆವು. ಜಶೋದಾಬೆನ್ ಸೊಂಟಕ್ಕೆ ಸೀರೆ ಬಿಗಿದು, ತಗಡಿನ ಪುಟ್ಟ ದೋಣಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಎತ್ತಿ ಎತ್ತಿ ಕಾಯಿ ಕೀಳುತ್ತಿದ್ದಳು. ಎಲೆಗಳ ನಡುವೆ ದೋಣಿ ಹೋಗಲು ಕಿರಿದಾದ ದಾರಿಗಳು. ಅವುಗಳಲ್ಲಿ ಮಾತ್ರ ನೀರು ಕಾಣುತ್ತಿತ್ತು, ಕೆಸರು ಬಣ್ಣದ ನೀರು. ಆಕೆಯ ಗಂಡ ಮಗನ್‌ಭಾಯಿ ದಂಡೆಯ ಮೇಲೆ ಬೀಡಿ ಸೇದುತ್ತ ಕಾಯಿ ಬೇಯಿಸುತ್ತಿದ್ದ. ಫಾಲ್ಗುನಿ ನನ್ನನ್ನು ತೋರಿಸಿ, ಆಕಾಶದಿಂದ ಫೋಟೋ ತೆಗೆಯುವ ಕಚೇರಿಯವರು ಎಂದಳು. ನನ್ನ ಅತ್ತೆಯ ಪಕ್ಕ ನಿಲ್ಲಲು ಇನ್ನೊಬ್ಬರು ಸಿಕ್ಕಿದರು ಎಂದುಕೊಂಡೆ.

ಜಶೋದಾಬೆನ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿಮ್ಮ ಫೋಟೋದವನಿಗೆ ನೀರು ಕಾಣಲಿಲ್ಲವಂತೆ?" ಎಂದಳು.

"ಎಲೆ ಮುಚ್ಚಿದೆಯಲ್ಲ ಬೆನ್."

"ಎಲೆ ಕಿತ್ತರೆ ಕಾಣುತ್ತಾ?"

"ಕಾಣುತ್ತೆ."

"ಹಾಗಾದರೆ ಕೀಳ್ತೀನಿ. ಪೂರಾ ಕೆರೆ ಬೋಳು ಮಾಡ್ತೀನಿ. ಯಾವಾಗ ಹಾರ್ತಾನೆ ಅಂತ ಹೇಳಿ."

ಮಗನ್‌ಭಾಯಿಯ ಬೀಡಿ ಕೈಯಲ್ಲೇ ಉಳಿಯಿತು. ಆ ಬೆಳೆಯ ಮುಖ್ಯ ಕೊಯ್ಲು ಇನ್ನೂ ಬಾಕಿ ಇತ್ತು. ಎಲೆ ಕಿತ್ತರೆ ಮನೆಯ ವರ್ಷದ ದುಡಿಮೆ ನೀರುಪಾಲು, ಕೀಳದಿದ್ದರೆ ಕೆರೆಯೇ ರಸ್ತೆಪಾಲು. ಆಕೆ ಇದನ್ನು ಅಳುತ್ತ ಹೇಳಲಿಲ್ಲ, ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಹೇಳಿದಳು. ನಾನು ಹಿಂದುಮುಂದು ನೋಡದೆ, "ಒಂದು ಎಲೆಯನ್ನೂ ಮುಟ್ಟಬೇಡಿ. ನೀರು ಹುಡುಕೋದು ನಮ್ಮ ಕೆಲಸ" ಎಂದುಬಿಟ್ಟೆ. ಆಕೆ, "ಉತ್ತರಾಯಣಕ್ಕೆ ಹದಿನೈದು ದಿನ ಮುಂಚೆ ಬಂದು ಹೇಳಿ. ಇಲ್ಲದಿದ್ದರೆ ಕುಡಗೋಲು ನನ್ನ ಕೈಯಲ್ಲೇ ಇದೆ" ಎಂದು ನಮ್ಮನ್ನು ದೋಣಿ ಹತ್ತಿಸಿ ಕೆರೆ ಸುತ್ತಾಡಿಸಿದಳು. ಫಾಲ್ಗುನಿ ಒಂದು ಕಡೆ ವಾಲಿದಾಗ ನಾನು ಇನ್ನೊಂದು ಕಡೆ ವಾಲಿ, ಇಬ್ಬರೂ ಅರ್ಧ ನೆನೆದು ಅಹಮದಾಬಾದಿನ ರೈಲು ಹತ್ತಿದೆವು.

ಮಾತು ಕೊಟ್ಟದ್ದಾಯಿತು, ದಾರಿ ಗೊತ್ತಿರಲಿಲ್ಲ. ದೀಪಾವಳಿ ಬಂದು ಹೋಯಿತು. ಪಂಡ್ಯಾ ಸಾಹೇಬರು ಒಂದು ಸಲ ಬೈದರು, "ಯಾರನ್ನು ಕೇಳಿ ಮಾತು ಕೊಟ್ಟಿರಿ?" ಆಮೇಲೆ ಚಹಾ ತರಿಸಿದರು. ಸಿಟ್ಟು ಬಂದಾಗ ನಾನು ನವರಂಗಪುರದ ಉಡುಪಿ ಹೋಟೆಲ್ಲಿಗೆ ಹೋಗಿ ಒಂದು ಮಸಾಲೆ ದೋಸೆ ತಿಂದು ಬರುವುದು ರೂಢಿ. ಆ ತಿಂಗಳು ಎಷ್ಟು ದೋಸೆ ತಿಂದೆನೆಂದರೆ ಗಲ್ಲಾದಲ್ಲಿ ಕೂತ ಶೆಟ್ಟರು, "ಎಂತ ಮೇಡಂ, ಮನೇಲಿ ಗಲಾಟೆಯಾ?" ಎಂದು ಮೆಲ್ಲಗೆ ಕೇಳಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಫಾಲ್ಗುನಿಯ ಪರದೆಯ ಸುತ್ತ ನಗುವೋ ನಗು. ಹೋಗಿ ನೋಡಿದರೆ ಸೂರತ್ತು ವಿಕಾರವಾಗಿ ಬಿದ್ದುಕೊಂಡಿತ್ತು. ರಸ್ತೆಗಳು ತಗ್ಗಾಗಿ, ಮನೆಗಳು ಹಳ್ಳವಾಗಿ, ತಾಪಿ ನದಿಯ ಸೇತುವೆಗಳು ಮಸಿ ಬಳಿದುಕೊಂಡಿದ್ದವು. ಅವಳು ಅವಸರದಲ್ಲಿ ಕೂಡಿಸುವ ಚಿಹ್ನೆಯ ಬದಲು ಕಳೆಯುವ ಚಿಹ್ನೆ ಒತ್ತಿಬಿಟ್ಟಿದ್ದಳು. ಕಪ್ಪು-ಬಿಳುಪು ಚಿತ್ರದ ಗೆರೆಗಳೆಲ್ಲ ಬಣ್ಣಕ್ಕೆ ಸೇರುವ ಬದಲು ಬಣ್ಣದಿಂದ ಕಳೆದುಹೋಗಿದ್ದವು. ಪಂಡ್ಯಾ ಸಾಹೇಬರು ಇಣುಕಿ, "ಇದು ಸೂರತ್ತೋ, ಸುಟ್ಟ ಥೇಪ್ಲಾನೋ?" ಎಂದರು. ಥೇಪ್ಲಾ ಎಂದರೆ ಗುಜರಾತಿಗಳ ಮೆಂತ್ಯದ ಚಪಾತಿ. ಫಾಲ್ಗುನಿ ನಗುತ್ತಲೇ ಅಳಿಸಲು ಕೈ ಹಾಕಿದಳು.

"ನಿಲ್ಲು! ಮುಟ್ಟಬೇಡ!" ಎಂದು ನಾನು ಕೂಗಿದ ರಭಸಕ್ಕೆ ಒಬ್ಬರ ಚಹಾ ಚೆಲ್ಲಿತು.

ಇಡೀ ಊರು ಕೆಟ್ಟಿತ್ತು. ಮೂಲೆಯಲ್ಲಿ ಒಂದು ಸಣ್ಣ ತುಣುಕು ಮಾತ್ರ ಸರಿಯಾಗಿತ್ತು. ಅದು ಜಶೋದಾಬೆನ್ನಳ ಕೆರೆ! ದೋಣಿ ಹೋಗುವ ದಾರಿಗಳು ಇನ್‌ಫ್ರಾರೆಡ್ಡಿನಲ್ಲಿ ಕಪ್ಪಗೆ, ಸ್ಪಷ್ಟವಾಗಿ ಕಾಣುತ್ತಿದ್ದವು. ಇನ್‌ಫ್ರಾರೆಡ್ಡಿನಲ್ಲಿ ಅಷ್ಟು ಕಪ್ಪಗೆ ಕಾಣುವುದು ನೀರು. ನಮ್ಮ ಮಿಂಚುವ ಚಿತ್ರದಲ್ಲಿ ಅವೇ ದಾರಿಗಳು ಬೆಳ್ಳಗೆ, ಒಣ ಮಣ್ಣಿನ ಬದುಗಳ ಹಾಗೆ ಕಾಣುತ್ತಿದ್ದವು.

ಆಗ ಹೊಳೆಯಿತು. ಕಪ್ಪು-ಬಿಳುಪಿನ ಕಣ್ಣಿಗೆ ಎಲೆ ಕಪ್ಪು, ಕೆಸರು ನೀರು ಬಿಳಿ. ಇನ್‌ಫ್ರಾರೆಡ್ ಕಣ್ಣಿಗೆ ಎಲೆ ಬಿಳಿ, ನೀರು ಕಪ್ಪು. ಆ ಕೆರೆಯ ವಿಷಯದಲ್ಲಿ ಎರಡು ಕಣ್ಣುಗಳದ್ದೂ ಎದುರುಬದುರು ಮಾತು. ನಾವು ಮೊದಲನೆಯದರ ಮಾತನ್ನು ಎರಡನೆಯದರ ಮೇಲೆ ಕಣ್ಣುಮುಚ್ಚಿ ಹೇರುತ್ತಿದ್ದೆವು. ನೀರಿನ ದಾರಿಗೆ ಸುಣ್ಣ ಬಳಿಯುತ್ತಿದ್ದೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಅದನ್ನು ಅಲ್ಲೇ ಎಲ್ಲರಿಗೂ ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಇಷ್ಟು ದಿನ ನಾವು ಎತ್ತಿನ ಮಾತನ್ನೇ ಕೇಳಿದ್ದೆವು. ಇಲ್ಲಿ ಕೋಣನ ಮಾತೇ ನಿಜ.

ಪರಿಹಾರ ಬಲು ಸರಳ. ಇಡೀ ಚಿತ್ರಕ್ಕೆ ಒಂದೇ ನಿಯಮ ಹಾಕಬಾರದು. ತುಣುಕು ತುಣುಕಾಗಿ ನೋಡಬೇಕು: ಇಲ್ಲಿ ಎರಡು ಕಣ್ಣುಗಳೂ ಹೌದು ಎನ್ನುತ್ತಿವೆಯೋ, ಒಂದು ಹೌದು ಎಂದರೆ ಇನ್ನೊಂದು ಅಲ್ಲ ಎನ್ನುತ್ತಿದೆಯೋ? ಒಮ್ಮತ ಇದ್ದರೆ ಕೂಡಿಸು, ಭಿನ್ನಮತ ಇದ್ದರೆ ಕಳೆ. ಇದು ಪುಸ್ತಕದಲ್ಲಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಓದಿಯೂ ಇದ್ದೆವು. ಮಿಂಚುವ ಚಿತ್ರ ಬೇಗ ಬರುತ್ತಿದ್ದಾಗ ಯಾರಿಗೆ ನೆನಪಾಗುತ್ತದೆ? ಫಾಲ್ಗುನಿ ಆ ವಾರವೇ ಹೊಸ ಪ್ರೋಗ್ರಾಮು ಬರೆದಳು. ಅದರೊಳಗೆ ಭಿನ್ನಮತದ ಜಾಗಕ್ಕೆ ಅವಳಿಟ್ಟ ಹೆಸರು 'ಕೋಣ'. ಕನ್ನಡದ ಒಂದಕ್ಷರ ಬಾರದ ಹುಡುಗಿ, ದಿನಕ್ಕೆ ನೂರು ಸಲ "ಇವತ್ತು ಕೋಣ ಸರಿಯಾಗಿ ಓಡ್ತಿದೆ ಮ್ಯಾಡಮ್" ಎನ್ನುತ್ತಿದ್ದಳು.

ಮಬ್ಬು ಮಾಡಿ ನೋಡುವ ಪರೀಕ್ಷೆಯಲ್ಲಿ ಈ ಸಲ ನೀರಿನ ಹತ್ತಿರವೂ ಪಾಸು. ಪಂಡ್ಯಾ ಸಾಹೇಬರು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ, ಅವರ ಪ್ರಶ್ನೆಯೂ ನ್ಯಾಯವಾಗಿಯೇ ಇತ್ತು. "ಕೆರೆಯನ್ನು ಹೊಲ ಮಾಡಿದ್ದಾಯಿತು. ಈಗ ಹೊಲವನ್ನೆಲ್ಲ ಕೆರೆ ಮಾಡಿಬಿಟ್ಟರೆ? ನೋಡಿ, ವಡೋದರಾದ ಹತ್ತಿರ ನಿಮ್ಮ ಕೋಣ ಹೊಲದ ನಡುವೆ ನೀರು ತೋರಿಸ್ತಿದೆ" ಎಂದು ಬೆರಳಿಟ್ಟರು. ಹೌದು, ಸುತ್ತಲಿನ ಹೊಲಗಳೆಲ್ಲ ಹೊಲವಾಗಿಯೇ ಇದ್ದವು, ಒಂದೇ ಒಂದು ಹಸಿರು ಪಟ್ಟಿಯಲ್ಲಿ ಕಪ್ಪು ಗೆರೆಗಳಿದ್ದವು. ಹಳೆಯ ಚಿತ್ರದಲ್ಲಿ ಅದು ಬರೀ ಹುಲ್ಲುಗಾವಲು. ಇದು ಸುಳ್ಳಾದರೆ ನಮ್ಮ ಹೊಸ ವಿಧಾನವೂ ಸುಳ್ಳು, ಜಶೋದಾಬೆನ್ನಳ ಬೆಳೆಯೂ ಹೋದ ಹಾಗೆ.

ರಮಾಕಾಂತ ಇನ್ನೂ ಕೊಯಾಲಿಯಲ್ಲೇ ಇದ್ದರು. ವಡೋದರಾದಲ್ಲಿ ಗಂಡ ಇದ್ದದ್ದು ಯಾವ ದಿನಕ್ಕೆ? ಫೋನು ಮಾಡಿ, ಭಾನುವಾರ ಸ್ಕೂಟರು ತೆಗೆದುಕೊಂಡು ಹೋಗಿ ಆ ಜಾಗ ನೋಡಿ ಬರಲು ಹೇಳಿದೆ. "ಭಾನುವಾರ ಮಂದಿ ಹೆಂಡ್ತಿನ್ನ ನೋಡಾಕ ಹೋಗ್ತಾರ, ನಾ ಹೊಲಾ ನೋಡಾಕ ಹೋಗ್ಬೇಕೇನು?" ಎಂದು ಗೊಣಗಿಕೊಂಡೇ ಹೋದರು. ಮಧ್ಯಾಹ್ನದವರೆಗೆ ಸುದ್ದಿಯಿಲ್ಲ. ನಾನೂ ಅತ್ತೆಯೂ ಫೋನಿನ ಮುಂದೆ ಕೂತಿದ್ದೆವು. ಕೊನೆಗೆ ಗಂಟೆ ಬಾರಿಸಿತು.

"ಏ ಸುಲೂ, ನಿನ್ನ ಕೋಣಕ್ಕ ನನ್ನ ನಮಸ್ಕಾರ ಹೇಳು."

"ಏನಾತು? ಹೊಲಾನೋ ನೀರೋ?"

"ಹುಲ್ಲು ಹುಲ್ಲು ಅಂತ ಕಾಲಿಟ್ಟೆ ನೋಡು, ಮೊಣಕಾಲ ಮಟ ಒಳಗ ಹೋದೆ! ಹಳೇ ಕಾಲುವಿ ಅದ, ಮ್ಯಾಲೆಲ್ಲಾ ಜೊಂಡು ಬೆಳದು ಮುಚ್ಚೇದ. ಒಂದು ಚಪ್ಲಿ ಅಲ್ಲೇ ಬಿಟ್ಟು ಬಂದೀನಿ. ಬೇಕಾದ್ರ ಅದರದೂ ಫೋಟೋ ತಗಸು."

ನಾನು ಫೋನು ಹಿಡಿದೇ ಕುಣಿದೆ. ನಮ್ಮ ಚಿತ್ರ ಹೇಳಿದ್ದು ನಿಜ, ಯಾರಿಗೂ ಕಾಣದ ನೀರು ಅದಕ್ಕೆ ಕಂಡಿತ್ತು! ಅತ್ತೆ ಗಾಬರಿಯಾಗಿ, "ಯಾಕ, ಏನಾತ?" ಎಂದರು. ನಿಮ್ಮ ಮಗ ಕೆಸರಿನಲ್ಲಿ ಬಿದ್ದರು ಎಂದೆ. "ಅದಕ್ಕ ಕುಣೀತೀ ಏನ?" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಸೋಮವಾರ ಪಂಡ್ಯಾ ಸಾಹೇಬರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಎದ್ದು ಗೋಡೆಯ ಮೇಲಿನ ಚಿತ್ರದ ಹತ್ತಿರ ಹೋಗಿ ನೋಡಿದರು. ಆಮೇಲೆ, "ಸೂರತ್ತಿಗೆ ನಾನೂ ಬರ್ತೀನಿ" ಎಂದರು.

ಸೂರತ್ತಿನ ಕಚೇರಿಯಲ್ಲಿ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಹೊಸದು ಹೊಳಪಿನಲ್ಲಿ ಹಳೆಯದರ ಮುಂದೆ ಸಪ್ಪೆ. ಅಧಿಕಾರಿ ತಲೆ ಕೆರೆದುಕೊಂಡು, "ಇದು ಸ್ವಲ್ಪ ಮಂಕಾಗಿದೆಯಲ್ಲ ಸಾಹೇಬ್?" ಎಂದರು. ಚೆಂದದ ಚಿತ್ರಕ್ಕಾಗಿ ಜೀವ ಬಿಡುವ ನಮ್ಮ ಸಾಹೇಬರು ಏನು ಹೇಳುತ್ತಾರೋ!

"ಹೊಳೆಯೋದು ನನ್ನ ಗೋಡೆಗೆ" ಎಂದರು ಅವರು. "ನಿಮ್ಮ ನಕ್ಷೆಗೆ ಇದೇ ಬೇಕು. ಬೆಳ್ಳಗಿರೋದೆಲ್ಲ ಹಾಲಲ್ಲ, ಹಸಿರಾಗಿರೋದೆಲ್ಲ ಹೊಲವೂ ಅಲ್ಲ." ನಾನು ಎಂದೋ ಕಲಿಸಿದ್ದ ಹಾಲಿನ ಗಾದೆಯನ್ನು ನನಗಿಂತ ಚೆನ್ನಾಗಿ ಬಳಸಿದ್ದರು. ನಮ್ಮ ಮುಂದೆಯೇ ಕಂಪ್ಯೂಟರು ಹೊಸ ಚಿತ್ರದಿಂದ ನಕ್ಷೆಗೆ ಬಣ್ಣ ತುಂಬಿತು. ಜಶೋದಾಬೆನ್ನಳ ಹೊಲ ನೀಲಿಯಾಯಿತು. ಸುತ್ತಮುತ್ತ ಇನ್ನೂ ಕೆಲವು ಹೊಲಗಳು ಒಂದೊಂದಾಗಿ ನೀಲಿಯಾದವು. ಆ ಕೆರೆಗಳವರು ಯಾರೋ, ನಮಗೂ ಗೊತ್ತಿಲ್ಲ, ಅವರಿಗೂ ನಾವು ಗೊತ್ತಿಲ್ಲ. ನನ್ನ ಸರ್ವಿಸಿನಲ್ಲಿ ಅಷ್ಟು ಸಂತೋಷದ ಗಳಿಗೆ ಇನ್ನೊಂದಿಲ್ಲ. ಅಧಿಕಾರಿ ರಸ್ತೆಯ ಗೆರೆಯನ್ನು ಕೆರೆಯ ದಂಡೆ ಬಳಸಿ ಹೋಗುವಂತೆ ತಿರುಗಿಸಿ, "ಚಾಲ್ಸೆ?" ಎಂದರು. "ಚಾಲ್ಸೆ" ಎಂದು ನಾವು ಮೂವರೂ ಒಟ್ಟಿಗೆ ಕೂಗಿದೆವು.

ಅಲ್ಲಿಂದ ನೇರ ಕೆರೆಗೆ. ಉತ್ತರಾಯಣಕ್ಕೆ ಇನ್ನೂ ಹದಿನೈದು ದಿನ ಇತ್ತು, ಆದರೂ ಹುಡುಗರು ಆಗಲೇ ಪಟ ಹಾರಿಸುತ್ತಿದ್ದರು. ಜಶೋದಾಬೆನ್ ನಮ್ಮನ್ನು ದೂರದಿಂದ ಕಂಡವಳೇ ಕುಡಗೋಲು ಎತ್ತಿ, "ಕೀಳಲೋ ಬೇಡವೋ?" ಎಂದು ದೋಣಿಯಿಂದಲೇ ಕೂಗಿದಳು.

"ಬೇಡ! ಕಾಯಿ ಕೀಳಿ, ಎಲೆ ಬಿಡಿ! ಕೆರೆ ಕೆರೆಯಾಗೇ ಇರುತ್ತೆ" ಎಂದು ಫಾಲ್ಗುನಿ ದಂಡೆಯಿಂದ ಕೂಗಿದಳು.

ಆಕೆ ದಡಕ್ಕೆ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನಮ್ಮ ಚಿತ್ರದ ಮೇಲೆ ಬಗ್ಗಿದಳು. ದಂಡೆ, ಬೇವಿನ ಮರ, ದೋಣಿ ಕಟ್ಟುವ ಗೂಟದ ಕಡೆಯ ಮೂಲೆ, ಒಂದೊಂದನ್ನೇ ನಾನು ತೋರಿಸುತ್ತ ಹೋದೆ. ಈಗ ಧನ್ಯವಾದ ಹೇಳುತ್ತಾಳೆ, ಬಹುಶಃ ಅಳುತ್ತಾಳೆ, ನಾನೂ ಅತ್ತುಬಿಡುತ್ತೇನೆ ಎಂದುಕೊಂಡಿದ್ದೆ. ಆಕೆಯ ಬೆರಳು ಒಂದು ಕಪ್ಪು ಗೆರೆಯ ಮೇಲೆ ನಿಂತಿತು. ಉಳಿದ ಗೆರೆಗಳೆಲ್ಲ ನೆಟ್ಟಗಿದ್ದವು, ಇದೊಂದು ನಡುವೆ ಬಳುಕಿ ಬಳುಕಿ ಹೋಗಿತ್ತು.

"ಏ ಇಲ್ಲಿ ಬಾ!" ಎಂದು ಗಂಡನನ್ನು ಕರೆದಳು. "ನೋಡು! ನೀನು ಮಾಡಿದ ದಾರಿ! ನೆಟ್ಟಗೆ ಮಾಡು ಅಂದರೆ ಕೇಳಲಿಲ್ಲ, ಯಾರಿಗೆ ಕಾಣುತ್ತೆ ಅಂದೆ. ಈಗ ನೋಡು, ಆಕಾಶದವರಿಗೂ ಕಂಡಿತು!"

ಮಗನ್‌ಭಾಯಿ ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಬಹಳ ಗಂಭೀರವಾಗಿ, "ಅವನೇ ಸೊಟ್ಟಗೆ ಹಾರಿರಬೇಕು" ಎಂದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪಂಡ್ಯಾ ಸಾಹೇಬರು ದಂಡೆಯ ಮೇಲೆ ಕೂತುಬಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಫಾಲ್ಗುನಿಯ ಕಡೆ ತಿರುಗಿ, ಸೇರಿದ ವಾರ ಅವಳು ಕೇಳಿದ ಪ್ರಶ್ನೆಗೆ ಅಷ್ಟು ವರ್ಷದ ಮೇಲೆ ಉತ್ತರ ಕೊಟ್ಟರು: "ಸಾಚೂ ಇದೆ ಬೇಟಾ. ಈಗ ಸಾಚೂ ಇದೆ." ಜಶೋದಾಬೆನ್ ನಮಗೆ ಒಂದು ಮೂಟೆ ಶಿಂಗೋಡಾ ಹೊರಿಸಿ ಕಳಿಸಿದಳು. ಅದರ ಹಿಟ್ಟಿನಲ್ಲಿ ನನ್ನ ಅತ್ತೆ ಆ ವರ್ಷದ ಏಕಾದಶಿಗಳನ್ನೆಲ್ಲ ಮುಗಿಸಿ, "ಸ್ಟುಡಿಯೋದಾಗ ಇಂಥಾ ಗಿರಾಕಿ ಇದ್ರ ಚಲೋ" ಎಂದರು.

ಸಾಹೇಬರು ತಮ್ಮ ಗೋಡೆಯ ಚಿತ್ರ ಇಳಿಸಿ ಆ ಕೆರೆಯದನ್ನು ಹಾಕಿದರು. ದೊಡ್ಡ ದೊಡ್ಡವರು ಬಂದು ಇದೇಕೆ ಇಷ್ಟು ಮಂಕು ಎಂದು ಕೇಳಿದರೆ, ಎದ್ದು ಹೋಗಿ ಮಗನ್‌ಭಾಯಿಯ ದಾರಿಯ ಮೇಲೆ ಬೆರಳಿಟ್ಟು ಕಥೆ ಶುರು ಮಾಡುತ್ತಿದ್ದರು.

ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಚಿತ್ರ ಚೆಂದ ಬಂದ ದಿನ ಸ್ವಲ್ಪ ಅನುಮಾನ ಪಡಿ, ಮತ್ತು ಒಂದು ಜೊತೆ ಹಳೆಯ ಚಪ್ಪಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ದಾರಿ ನೆಟ್ಟಗೆ ಮಾಡುತ್ತೇನೆಂದು ಮಗನ್‌ಭಾಯಿ ಅವತ್ತೇ ಹೆಂಡತಿಯ ತಲೆ ಮುಟ್ಟಿ ಆಣೆ ಇಟ್ಟಿದ್ದ. ಮರುವರ್ಷ ಸೂರತ್ತಿನ ಹೊಸ ಚಿತ್ರ ಬಂದಾಗ ನಾನೂ ಫಾಲ್ಗುನಿಯೂ ಇಡೀ ಊರನ್ನು ಬಿಟ್ಟು ಮೊದಲು ಆ ಮೂಲೆಗೆ ಹೋದೆವು. ಎಲೆ ತುಂಬಿಕೊಂಡು ಕೆರೆ ಇತ್ತು. ದಾರಿ ಹೋದ ವರ್ಷಕ್ಕಿಂತ ಸೊಟ್ಟಗಿತ್ತು.